ಸಣ್ಣಕತೆಯಲ್ಲಿ ನೆಪ ಮತ್ತು ಕಾರಣ



ಸಣ್ಣಕತೆಯ ವಿಚಾರವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ನಾವು ಪಂಡಿತರಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತೆಗಿರಿ ಮಾಡುವವರು. ಆದರೂ ಕತೆಯೊಳಗಿನ ಕಾರ್ಯಕಾರಣವನ್ನು ನೋಡುವುದಕ್ಕೆ ಜಮಾಖರ್ಚಿನ ಅಭ್ಯಾಸ ಕೊಂಚ ಅನುಕೂಲವೇ ಎಂದು ನಮ್ಮ ಎಣಿಕೆ.

ದಿನವಹಿಯಲ್ಲಿ ವ್ಯವಹಾರಗಳು ತಾರೀಖಿನ ಪ್ರಕಾರ ಒಂದರ ಕೆಳಗೊಂದು ಕುಳಿತಿರುತ್ತವೆ. ಯಾವ ಹಣ ಎಲ್ಲಿಂದ ಬಂದು ಯಾರ ಲೆಕ್ಕಕ್ಕೆ ಸೇರಿತು ಎಂಬುದು ತಿಳಿಯಬೇಕಾದರೆ ಖಾತೆ ತೆರೆದು ನೋಡಬೇಕು. (ಈಗ ಲೆಡ್ಜರು ಪುಸ್ತಕಗಳು ಹೋಗಿ ಕಂಪ್ಯೂಟರು ಬಂದಿದೆ, ಒಂದು ಕಡೆ ಖರ್ಚು ಬೀಳದೆ ಇನ್ನೊಂದು ಕಡೆ ಜಮೆ ಇಲ್ಲವೆಂಬ ಧರ್ಮ ಮಾತ್ರ ಹಾಗೆಯೇ ಇದೆ.) ಕತೆಯಲ್ಲಿಯೂ ಈ ಎರಡು ಬಗೆಯ ಓದು ಉಂಟು. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಕೇಂಬ್ರಿಜ್‌ನಲ್ಲಿ ಮಾಡಿದ ಉಪನ್ಯಾಸಗಳಲ್ಲಿ ಈ ಭೇದವನ್ನು ಚೆನ್ನಾಗಿ ತೋರಿಸಿದರು. ಬರಿಯ ಕತೆ ‘ಆಮೇಲೇನು?’ ಎಂದು ಕೇಳಿಸುತ್ತದೆ, ಸಂವಿಧಾನವಿದ್ದರೆ ‘ಏಕೆ?’ ಎಂದು ಕೇಳಿಸುತ್ತದೆ. ಸಂವಿಧಾನವೆಂದೊಡನೆ ದೆಹಲಿಯ ಕಡೆ ನೋಡಬೇಡಿ. ಕತೆಯ ಕಟ್ಟಡಕ್ಕೂ ನಮ್ಮವರು ಅದೇ ಹೆಸರು ಇಟ್ಟಿದ್ದಾರೆ.

ಮಳೆ ಬಂತು. ಮಾಳಿಗೆಯ ಮೇಲಿನ ಹಪ್ಪಳ ನೆನೆಯಿತು. ಅತ್ತೆ ಬೈದಳು. ಸೊಸೆ ಗಂಟು ಕಟ್ಟಿ ತವರಿಗೆ ಹೊರಟಳು. ಇಲ್ಲಿ ಎಲ್ಲವೂ ಸರಣಿಯಾಗಿಯೇ ಇದೆ. ಆದರೆ ನಾಲ್ಕು ಹಪ್ಪಳಕ್ಕಾಗಿ ಯಾವ ಸೊಸೆಯೂ ಮನೆ ಬಿಡುವುದಿಲ್ಲವೆಂದು ಇಲ್ಲಿ ಕುಳಿತ ತಾಯಂದಿರೆಲ್ಲ ಬಲ್ಲಿರಿ. ಮಳೆ ಒಂದು ನೆಪ. ಕಾರಣ ಎಂದಿನಿಂದಲೋ ಒಳಗೆ ಕುದಿಯುತ್ತಿತ್ತು. ನೆಪ, ಕಾರಣ ಎಂಬ ಎರಡು ಬೇರೆ ಮಾತುಗಳು ನಮ್ಮ ನುಡಿಯಲ್ಲಿ ಇರುವುದೇ ಒಂದು ಭಾಗ್ಯ.

ಮಾಸ್ತಿಯವರ ಮೊದಲ ಕಥಾಸಂಗ್ರಹ ಹೊರಬಂದದ್ದು 1920ರಲ್ಲಿ. ಅವರ ‘ಮೊಸರಿನ ಮಂಗಮ್ಮ’ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಸೊಸೆ ಮಗುವನ್ನು ಹೊಡೆದಳು, ಅಜ್ಜಿ ಆಕ್ಷೇಪಿಸಿದಳು, ಮಾತು ಬೆಳೆದು ಮನೆ ಎರಡಾಯಿತು. ಪೆಟ್ಟು ಇಲ್ಲಿ ನೆಪ. ಮಗನ ಮೇಲೆ ಯಾರ ಹಕ್ಕು ದೊಡ್ಡದು ಎಂಬುದೇ ಒಳಗಿನ ಕಾರಣ. ಈ ಲೆಕ್ಕ ತೀರದ ಕಾರಣ ಮಂಗಮ್ಮನ ಕೈಯಲ್ಲಿ ಹಣವಿದ್ದೂ ಅವಳಿಗೆ ನೆಮ್ಮದಿಯಿಲ್ಲ. ಮುದಿ ವಯಸ್ಸಿನಲ್ಲಿ ಮಖಮಲ್ಲಿನ ರವಿಕೆ ಹೊಲಿಸಿಕೊಳ್ಳುತ್ತಾಳೆ! ಅವಸರದಲ್ಲಿ ಓದುವವರಿಗೆ ಅದು ನಗೆಯ ಸಂಗತಿ. ಯಾರಿಗಾಗಿ ಕೂಡಿಡಬೇಕು ಎಂಬ ನೋವು ಆ ರವಿಕೆಯಾಗಿದೆ ಎಂದು ಕಂಡವರಿಗೆ ನಗು ಬರುವುದಿಲ್ಲ. ಕಡೆಗೆ ಮನೆ ಒಂದಾಗುವುದು ಮೊಮ್ಮಗುವಿನ ಮೂಲಕ. ಮಾಸ್ತಿಯವರು ಹೊರಗಿನಿಂದ ಒಬ್ಬ ಪುಣ್ಯಾತ್ಮನನ್ನು ಕರೆತಂದು ರಾಜಿ ಮಾಡಿಸಿದ್ದರೆ ಕತೆ ಕೆಡುತ್ತಿತ್ತು. ಆಕಸ್ಮಿಕವು ಕಷ್ಟವನ್ನು ತಂದರೆ ಓದುಗರು ಒಪ್ಪುತ್ತಾರೆ. ಕಷ್ಟವನ್ನು ತೀರಿಸುವುದಕ್ಕೆ ಲಾಟರಿ ಬಂತೆಂದರೆ ಪುಸ್ತಕ ಮುಚ್ಚುತ್ತಾರೆ, ಮುಚ್ಚಬೇಕಾದದ್ದೇ.

ಇನ್ನು ‘ಆನಂದ’ರ, ಅಂದರೆ ಅಜ್ಜಂಪುರ ಸೀತಾರಾಮರ, ‘ನಾನು ಕೊಂದ ಹುಡುಗಿ’. ಹೆಸರಿನಲ್ಲಿಯೇ ಫಲ ಹೇಳಿಯಾಗಿದೆ. ‘ಆಮೇಲೇನು’ ಎಂಬ ಕುತೂಹಲವನ್ನು ಲೇಖಕರು ಮೊದಲೇ ತೆಗೆದು ಪಕ್ಕಕ್ಕಿಟ್ಟಿದ್ದಾರೆ. ಹಳ್ಳಿಯ ದೊಡ್ಡ ಮನೆಯಲ್ಲಿ ಅತಿಥಿಯಾಗಿ ಉಳಿದವನ ಬಳಿಗೆ ಆ ಮನೆಯ ಮಗಳೇ ಬರುತ್ತಾಳೆ. ದೇವರ ಹೆಸರಿನಲ್ಲಿ ಅವಳನ್ನು ಬಸವಿ ಬಿಟ್ಟಿದ್ದಾರೆ. ಇದೇ ತನ್ನ ಧರ್ಮವೆಂದು ಅವಳು ನಂಬಿದ್ದಾಳೆ. ಅವನು ಸಜ್ಜನ, ಇದು ತಪ್ಪು ಎಂದು ತಿಳಿಯಹೇಳುತ್ತಾನೆ. ಬೆಳಗಾಗುವಾಗ ಅವಳು ಬಾವಿಯ ಪಾಲಾಗಿದ್ದಾಳೆ.

ಕೊಂದವರು ಯಾರು? ಅತಿಥಿಯೆ? ಅವನ ಬಾಯಿಂದ ಬಂದದ್ದು ಒಳ್ಳೆಯ ಮಾತೇ. ತಂದೆತಾಯಿಯರೆ? ಅವರು ದೇವರಿಗೆ ನಡೆದುಕೊಂಡೆವು ಎಂದೇ ತಿಳಿದವರು. ಊರಿನ ಪದ್ಧತಿಯೆ? ಅದನ್ನು ತಡೆಯಲು ಕರ್ನಾಟಕ 1982ರಲ್ಲಿ ದೇವದಾಸಿ ನಿಷೇಧ ಕಾನೂನು ಮಾಡಬೇಕಾಯಿತು. ಆ ಹುಡುಗಿಯ ಪಾಲಿಗೆ ಯಾವ ಕಾನೂನೂ ಇರಲಿಲ್ಲ. ಇವೆಲ್ಲ ನಿಜವೇ. ಆದರೆ ಕತೆ ಕಟ್ಟಿದ ರೀತಿ ನೋಡಿ: ಅವಳು ಹೇಳಿದ್ದನ್ನು ಪೂರ್ತಿಯಾಗಿ ನಂಬುವವಳು. ಹಿರಿಯರನ್ನು ನಂಬಿ ಬಸವಿಯಾಗಿ ಬದುಕಿದಳು, ಅತಿಥಿಯನ್ನು ನಂಬಿ ಸತ್ತಳು. ಬದುಕಿಗೂ ಸಾವಿಗೂ ಒಂದೇ ಮುಗ್ಧತೆ ಕಾರಣ. ಅವಳು ಸ್ವಲ್ಪ ಜಾಣೆಯಾಗಿದ್ದರೆ ಅತಿಥಿಯ ಉಪದೇಶ ಗಾಳಿಗೆ ಹೋಗುತ್ತಿತ್ತು. ಅವನು ಅವಳ ಹಳೆಯ ನಂಬಿಕೆಯನ್ನು ಕಿತ್ತುಕೊಂಡ. ಅದರ ಬದಲಿಗೆ ಬೆಳಗ್ಗೆ ಎದ್ದು ಬದುಕಲು ಏನನ್ನೂ ಕೊಡಲಿಲ್ಲ. ನಮಗೆ ಕಾಣುವಂತೆ ಅವನ ಪಾಲಿನ ಖರ್ಚು ಅಲ್ಲಿ ಬಿದ್ದಿದೆ.

ಇದನ್ನೆಲ್ಲ ಈ ಮುಂಬಯಿಯಲ್ಲಿ ಏಕೆ ಹೇಳಬೇಕು ಎಂದರೆ, ನಮ್ಮ ಮಕ್ಕಳ ಕನ್ನಡದಲ್ಲಿ ‘ನೀರು’, ‘ಊಟ’, ‘ಬಾ’, ‘ಹೋಗು’ ಎಲ್ಲ ಉಳಿದಿವೆ. ಸವೆದು ಹೋಗುತ್ತಿರುವ ಮಾತುಗಳು ‘ಏಕೆಂದರೆ’, ‘ಆದ್ದರಿಂದ’, ‘ಆದರೂ’. ಕಾರಣ ಹೇಳಬೇಕಾದ ಕಡೆ ಹುಡುಗ ‘ಕ್ಯೋಂಕಿ’ ಎನ್ನುತ್ತಾನೆ, ಇಲ್ಲವೆ ‘ಬಿಕಾಸ್’ ಎನ್ನುತ್ತಾನೆ. ಏನು ನಡೆಯಿತು ಎಂಬಷ್ಟನ್ನು ಕನ್ನಡದಲ್ಲಿ ಹೇಳಿ, ಏಕೆ ನಡೆಯಿತು ಎಂಬುದನ್ನು ಬೇರೆ ಭಾಷೆಯಲ್ಲಿ ಯೋಚಿಸುವ ಮಗುವಿಗೆ ಕನ್ನಡ ಅಡಿಗೆಮನೆಯ ಭಾಷೆಯಾಗಿ ನಿಲ್ಲುತ್ತದೆ. ತಪ್ಪು ಮಗುವಿನದಲ್ಲ, ಲೋಕಲ್ ರೈಲು ಇಳಿದು ರಾತ್ರಿ ಮನೆ ಸೇರುವ ನಾವು ಮನೆಯಲ್ಲಿ ಕಾರಣ ಹೇಳಿ ಮಾತಾಡುವುದೇ ಕಡಿಮೆ.

ವ್ಯಾಕರಣದ ಪಾಠದಿಂದ ಇದು ಬರುವುದಿಲ್ಲ. ಭಾನುವಾರ ಅರ್ಧ ಗಂಟೆ ಒಂದು ಕತೆ ಓದಿ, ಮಧ್ಯದಲ್ಲಿ ನಿಲ್ಲಿಸಿ. ‘ಮಂಗಮ್ಮ ರವಿಕೆ ಏಕೆ ಹೊಲಿಸಿಕೊಂಡಳು?’ ಎಂದು ಕೇಳಿ. ‘ಬೇಕಾಗಿತ್ತು, ಅದಕ್ಕೆ’ ಎಂಬ ಉತ್ತರ ಬರುತ್ತದೆ. ಬರಲಿ, ಅದರಲ್ಲಿ ಒಂದು ‘ಅದಕ್ಕೆ’ ಇದೆ. ಏಕೆ ಬೇಕಾಗಿತ್ತು ಎಂದು ಮತ್ತೆ ಕೇಳಿ, ಮಗು ಯೋಚಿಸುವಾಗ ಮಾತ್ರ ದಯವಿಟ್ಟು ಉತ್ತರ ನೀವೇ ಹೇಳಿಬಿಡಬೇಡಿ.