ಐಸಿ ಅಂದರೇನು? ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಹೇಳಿ!

(ರಾಯಚೂರು, ದೇವದುರ್ಗ, ಮಾನ್ವಿಯ ಯುವಜನರಿಗೆ ಮಾಡಿದ ಭಾಷಣ)



ರಾಯಚೂರಿನ ಯಾವುದೇ ಮೊಬೈಲ್ ರಿಪೇರಿ ಅಂಗಡಿಗೆ ಹೋಗಿ. ‘ಐಸಿ ಹೋಗಿದೆ, ಬದಲಿಸಬೇಕು’ ಎನ್ನುತ್ತಾರೆ. ನೀವು ದುಡ್ಡು ಎಣಿಸಿ ಕೊಡುತ್ತೀರಿ. ಹೋದದ್ದು ಏನೆಂದು ಎಂದಾದರೂ ಕೇಳಿದ್ದೀರಾ?

ಐಸಿ ಅಂದರೆ ಇಂಟಿಗ್ರೇಟೆಡ್ ಸರ್ಕ್ಯೂಟ್. ಕನ್ನಡದಲ್ಲಿ ಏಕೀಕೃತ ಮಂಡಲ ಎನ್ನೋಣ. ಏಕೀಕರಣ ನಮಗೇನು ಹೊಸ ಮಾತೇ? ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರು, ದೇವದುರ್ಗ, ಮಾನ್ವಿಗಳು 1956ರ ನವೆಂಬರ್ 1ರಂದು ಕನ್ನಡ ನಾಡನ್ನು ಸೇರಿದವು. ಚದುರಿದ್ದು ಒಂದಾಗುವುದೇ ಏಕೀಕರಣ.

ಇಲ್ಲಿಯೂ ಅಷ್ಟೇ. ಮೊದಲು ಟ್ರಾನ್ಸಿಸ್ಟರ್, ರೆಸಿಸ್ಟರ್, ಕೆಪಾಸಿಟರ್‌ಗಳು ಬೇರೆ ಬೇರೆ ಇದ್ದವು. ಒಂದೊಂದನ್ನೂ ತಂತಿಯಿಂದ ಬೆಸೆಯಬೇಕಿತ್ತು. 1958ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಜ್ಯಾಕ್ ಕಿಲ್ಬಿ ಅವನ್ನು ಜರ್ಮೇನಿಯಂನ ಒಂದೇ ತುಣುಕಿನಲ್ಲಿ ಮಾಡಿ ತೋರಿಸಿದರು. 1959ರಲ್ಲಿ ರಾಬರ್ಟ್ ನಾಯ್ಸ್ ಸಿಲಿಕಾನ್ ತುಣುಕಿನ ಮೇಲೇ ಲೋಹದ ಗೆರೆಗಳಿಂದ ಬೆಸೆಯುವ ದಾರಿ ಕಂಡುಕೊಂಡರು. ನಮ್ಮ ಕೃಷ್ಣೆ, ತುಂಗಭದ್ರೆಯರ ಮರಳಿನಲ್ಲೂ ಸಿಲಿಕಾನ್ ಇದೆ. ಆದರೆ ಐಸಿಗೆ ಅತಿ ಶುದ್ಧ ಸಿಲಿಕಾನೇ ಬೇಕು.

ಹೆಸರುಗಳನ್ನು ಕಲಸಬೇಡಿ. ಆ ಪುಟ್ಟ ತುಣುಕು ಚಿಪ್. ಅದನ್ನು ಕಾಲುಗಳಿರುವ ಕರಿ ಕವಚದಲ್ಲಿ ಕೂರಿಸಿದಾಗ ಅಂಗಡಿಯವರು ಐಸಿ ಎನ್ನುತ್ತಾರೆ. ಅದನ್ನು ಹೊತ್ತ ಹಸಿರು ಹಲಗೆ ಐಸಿಯಲ್ಲ, ಬೋರ್ಡು. ಪ್ರೊಸೆಸರ್, ಮೆಮೊರಿ ಎರಡೂ ಐಸಿಯ ಬಗೆಗಳು. ನಿಮ್ಮ ಸಿಮ್ ಕಾರ್ಡಿನ ಹೊಳೆಯುವ ಬಿಲ್ಲೆಯ ಹಿಂದೆ ಅಡಗಿರುವುದೂ ಐಸಿಯೇ.

ಕಿಲ್ಬಿ ದುಡಿದ ಅದೇ ಕಂಪನಿ 1985ರಲ್ಲೇ ಬೆಂಗಳೂರಿಗೆ ಬಂತು. ಅಲ್ಲಿ ಚಿಪ್‌ಗಳ ವಿನ್ಯಾಸ ನಡೆಯುತ್ತದೆ. ನಮ್ಮ ರಾಯಚೂರಿನ ಹೆಸರಿನಲ್ಲೇ 2019ರಲ್ಲಿ ಐಐಐಟಿ ಶುರುವಾಯಿತು. ಈ ಬಾಗಿಲುಗಳು ದೇವದುರ್ಗ, ಮಾನ್ವಿಯ ಕನ್ನಡ ಶಾಲೆಯ ಮಕ್ಕಳಿಗೆ ತೆರೆಯುವುದು ಯಾವಾಗ? ಅರ್ಥವಾಗದ ಇಂಗ್ಲಿಷನ್ನು ಉರು ಹೊಡೆದರೆ ತೆರೆಯುವುದಿಲ್ಲ. 2021ರಲ್ಲಿ ಎಐಸಿಟಿಇ ಕನ್ನಡದಲ್ಲೂ ಇಂಜಿನಿಯರಿಂಗ್ ಕಲಿಸಲು ಒಪ್ಪಿತು. ಒಪ್ಪಿಗೆಯೊಂದೇ ಸಾಕೇ? ಕನ್ನಡದ ಪುಸ್ತಕ ಬೇಕು, ಕನ್ನಡದಲ್ಲಿ ತಿಳಿಸಿ ಹೇಳುವ ಮೇಷ್ಟ್ರು ಬೇಕು. ಅದನ್ನು ಕೇಳುವ ಎದೆಗಾರಿಕೆ ನಿಮಗೆ ಬೇಕು!

ಅಂಗಡಿಯ ಬೋರ್ಡಿನ ಮೇಲೆ ಕನ್ನಡ ಇರಲೆಂದು ಹೋರಾಡಿದ್ದೇವೆ. ಮುಂದೆಯೂ ಹೋರಾಡುತ್ತೇವೆ. ಅಂಗಡಿಯೊಳಗೆ ಮೇಜಿನ ಮೇಲೆ ಬಿಚ್ಚಿಟ್ಟ ಬೋರ್ಡಿನ ವಿದ್ಯೆಯೂ ಕನ್ನಡಕ್ಕೆ ಬರಲಿ. ಮನೆಯ ಮೂಲೆಯಲ್ಲಿ ಕೆಟ್ಟು ಬಿದ್ದ ರೇಡಿಯೋ ಇದ್ದರೆ ಸೆಲ್ ತೆಗೆದು ಬಿಚ್ಚಿ. ತಮ್ಮನನ್ನೋ ತಂಗಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಐಸಿ ಯಾವುದು, ಬೋರ್ಡು ಯಾವುದು ಎಂದು ಕನ್ನಡದಲ್ಲೇ ತಿಳಿಸಿ. ಕೆಲಸ ಅಲ್ಲಿಂದಲೇ ಶುರುವಾಗಲಿ.

ಜೈ ಕರ್ನಾಟಕ!