ಶಾಸಕಧರ್ಮವು ಮತ್ತು ಶ್ರೀ ಎಸ್. ಆರ್. ಕಂಠಿಯವರ ನಡೆ



ಮಠದ ಮಹೋತ್ಸವದಲ್ಲಿ ಚುನಾವಣೆಯ ಮಾತೇಕೆಂದು ಯಾರಾದರೂ ಕೇಳಬಹುದು. ಆ ಪ್ರಶ್ನೆಯು ಯೋಗ್ಯವಾದದ್ದೆ. ಆದರೆ ನಮ್ಮ ಶರಣರು ಅರಮನೆಯನ್ನು ಬಿಟ್ಟು ಅಡವಿಗೆ ಹೋಗಿ ಧರ್ಮವನ್ನು ಸಾರಿದವರಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಲೇ ಅನುಭಾವವನ್ನು ಬೆಳೆಸಿದರು. ರಾಜ್ಯದ ಹಣವನ್ನು ಮುಟ್ಟಿದ ಕೈಯಿಂದಲೇ ಇಷ್ಟಲಿಂಗವನ್ನೂ ಪೂಜಿಸಿದರು. ಆದುದರಿಂದ ಅಧಿಕಾರವು ಶರಣಧರ್ಮಕ್ಕೆ ಹೊರಗಿನ ವಿಷಯವಲ್ಲ. ಅಧಿಕಾರವನ್ನು ಹಿಡಿಯುವ ಬಗೆ ಯಾವದು, ಬಿಡುವ ಬಗೆ ಯಾವದು ಎಂಬುದನ್ನು ವಿಚಾರಿಸುವದು ನಮ್ಮ ಕರ್ತವ್ಯವೇ ಆಗಿದೆ. ಈ ವಿಚಾರಕ್ಕೆ ಆಧಾರವಾಗಿ ಕೂಡಲಸಂಗಮದ ನೆಲವಾದ ಹುನಗುಂದ ಕ್ಷೇತ್ರದಿಂದ ಆರಿಸಿಬಂದ ಶ್ರೀ ಶಿವಲಿಂಗಪ್ಪ ರುದ್ರಪ್ಪ ಕಂಠಿಯವರ ಶಾಸಕಜೀವನವನ್ನು ತಮ್ಮ ಮುಂದೆ ಇಡುತ್ತೇನೆ.

ಕಂಠಿಯವರು 1908ರಲ್ಲಿ ಅಂದಿನ ವಿಜಾಪುರ ಜಿಲ್ಲೆಯಲ್ಲಿ ಜನಿಸಿದರು. ಕಾನೂನನ್ನು ಅಭ್ಯಾಸಮಾಡಿ ವಕೀಲಿಯನ್ನು ಕೈಕೊಂಡು, ಅಲ್ಲಿಂದ ಸಾರ್ವಜನಿಕ ಜೀವನಕ್ಕೆ ಬಂದರು. ಆ ಕಾಲದಲ್ಲಿ ವಿಜಾಪುರ, ಧಾರವಾಡ, ಬೆಳಗಾವಿ, ಕಾರವಾರ ಜಿಲ್ಲೆಗಳು ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದವು. ಸ್ವತಂತ್ರ ಭಾರತದ ಮೊದಲನೆಯ ಮಹಾಚುನಾವಣೆಯು 1951–52ರಲ್ಲಿ ನಡೆಯಿತು. ಓದುಬರಹ ಬಲ್ಲವರಿಗೂ ಬಾರದವರಿಗೂ, ಹೊಲವುಳ್ಳವರಿಗೂ ಇಲ್ಲದವರಿಗೂ, ಗಂಡಸರಿಗೂ ಹೆಂಗಸರಿಗೂ ಸಮಾನವಾಗಿ ಒಂದೊಂದೇ ಮತವು ದೊರೆತ ಮೊದಲನೆಯ ಸಂದರ್ಭವದು. ಕಂಠಿಯವರು ಮುಂಬಯಿ ವಿಧಾನಸಭೆಯನ್ನು ಸೇರಿ, ಅಲ್ಲಿ ಉಪಸಭಾಪತಿಗಳಾಗಿ ಕೆಲಸ ಮಾಡಿದರು. ಕನ್ನಡಿಗರ ಪ್ರತಿನಿಧಿಗಳು ಅಲ್ಪಸಂಖ್ಯಾತರಾಗಿದ್ದ ಆ ಸಭೆಯಲ್ಲಿ ಪೀಠವನ್ನೇರಿ ಎಲ್ಲ ಭಾಷೆಯವರ ವಿಶ್ವಾಸವನ್ನು ಗಳಿಸುವದು ಸುಲಭವಾದ ಮಾತಾಗಿರಲಿಲ್ಲ.

1956ನೆಯ ನವೆಂಬರ 1ರಂದು ಕನ್ನಡನಾಡು ಒಂದಾಯಿತು. ಮುಂಬಯಿಯಿಂದಲೂ, ಹೈದರಾಬಾದಿನಿಂದಲೂ, ಮದರಾಸಿನಿಂದಲೂ, ಕೊಡಗಿನಿಂದಲೂ ಬಂದ ಪ್ರತಿನಿಧಿಗಳು ಮೈಸೂರಿನವರೊಡನೆ ಒಂದೇ ಸಭೆಯಲ್ಲಿ ಕುಳಿತರು. ಒಬ್ಬೊಬ್ಬರದು ಒಂದೊಂದು ಪದ್ಧತಿ, ಒಂದೊಂದು ಕಾನೂನು. ಹೊಸದಾಗಿ ಕೂಡಿದ ಈ ಮನೆತನಕ್ಕೆ ಹಿರಿಯರೊಬ್ಬರು ಬೇಕಾಗಿದ್ದರು. ಅದೇ ಡಿಸೆಂಬರದಲ್ಲಿ ಕಂಠಿಯವರು ಮೈಸೂರು ವಿಧಾನಸಭೆಯ ಸಭಾಪತಿಗಳಾದರು. 1957ರ ಚುನಾವಣೆಯಲ್ಲಿ ಹುನಗುಂದದಿಂದ ಆರಿಸಿಬಂದು, ಮರಳಿ ಅದೇ ಪೀಠವನ್ನು ಅಲಂಕರಿಸಿ 1962ರ ವರೆಗೆ ಅದನ್ನು ನಿರ್ವಹಿಸಿದರು.

ಸಭಾಪತಿಯ ಪೀಠದ ಧರ್ಮವನ್ನು ತಾವು ಸ್ವಲ್ಪ ಗಮನಿಸಬೇಕು. ಅಲ್ಲಿ ಕುಳಿತವರು ಒಂದು ಪಕ್ಷದಿಂದ ಆರಿಸಿಬಂದಿದ್ದರೂ ಪಕ್ಷದ ಮಾತನ್ನು ಆಡುವಂತಿಲ್ಲ. ರಾಜ್ಯಾಂಗದ ಪ್ರಕಾರ ಅವರು ಮೊದಲು ಮತ ಹಾಕುವಂತಿಲ್ಲ. ಎರಡೂ ಕಡೆಯ ಮತಗಳು ಸಮಸಮವಾಗಿ ಬಂದಾಗ ಮಾತ್ರವೇ ಅವರು ತಮ್ಮ ಮತವನ್ನು ಕೊಡಬೇಕು. ಎಲ್ಲರ ಮಾತಿಗೂ ಅವಕಾಶ ಮಾಡಿಕೊಟ್ಟು ತಾನು ಮೌನವಾಗಿರುವ ಈ ಪೀಠವನ್ನು ನೆನೆದಾಗ, ಅನುಭವಮಂಟಪದ ಶೂನ್ಯಪೀಠದಲ್ಲಿ ಕುಳಿತ ಅಲ್ಲಮಪ್ರಭುದೇವರ ನೆನಪು ನಮಗೆ ಸಹಜವಾಗಿಯೇ ಬರುವದು. ಎರಡೂ ಒಂದೇ ಎಂದು ನಾನು ಹೇಳುವದಿಲ್ಲ. ಆದರೆ ತನ್ನತನವನ್ನು ಕಳೆದುಕೊಂಡವನಿಗೆ ಮಾತ್ರವೇ ಅಂಥ ಆಸನವು ಒಪ್ಪುವದು ಎಂಬುದು ಎರಡಕ್ಕೂ ಸಲ್ಲುವ ಮಾತು.

ಇನ್ನು 1962ರ ವೃತ್ತಾಂತಕ್ಕೆ ಬರುವೆನು. ಆ ವರ್ಷದ ಚುನಾವಣೆಯಲ್ಲಿ 208 ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ 138 ದೊರೆತವು. ಪಕ್ಷವು ಗೆದ್ದಿತು; ಆದರೆ ಪಕ್ಷದ ನಾಯಕರೆಂದು ಎಲ್ಲರೂ ಭಾವಿಸಿದ್ದ ಶ್ರೀ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಪ್ರಜಾ ಸಮಾಜವಾದಿ ಪಕ್ಷದ ಶ್ರೀ ಜಿ. ಟಿ. ರಂಗಪ್ಪನವರೆದುರು ಸೋತರು. ಏಕೀಕರಣಕ್ಕಾಗಿ ದುಡಿದು, ಏಕೀಕೃತ ರಾಜ್ಯದ ಮೊದಲನೆಯ ಮುಖ್ಯಮಂತ್ರಿಗಳಾಗಿದ್ದವರಿಗೆ ಹೀಗಾಯಿತು. 1958ರಿಂದ ಮುಖ್ಯಮಂತ್ರಿಗಳಾಗಿದ್ದ ಜಮಖಂಡಿಯ ಶ್ರೀ ಬಿ. ಡಿ. ಜತ್ತಿಯವರ ಮಂತ್ರಿಮಂಡಲದ ಅವಧಿಯು ಮಾರ್ಚ 9ಕ್ಕೆ ಮುಗಿಯಿತು. ಶಾಸಕಪಕ್ಷದ ಮುಂದಾಳುತನವು ಕಂಠಿಯವರ ಪಾಲಿಗೆ ಬಂದಿತು. 1962ನೆಯ ಮಾರ್ಚ 14ರಂದು ಅವರು ಮುಖ್ಯಮಂತ್ರಿಗಳಾಗಿ ಪ್ರಮಾಣವಚನವನ್ನು ಸ್ವೀಕರಿಸಿದರು.

ಬಾಗಿಲುಕೋಟೆಯಿಂದ ಆರಿಸಿಬಂದಿದ್ದ ಶ್ರೀ ಬಿ. ಟಿ. ಮುರನಾಳರು ತಮ್ಮ ಸ್ಥಾನವನ್ನು ತೆರವು ಮಾಡಿಕೊಟ್ಟರು. ಆ ಉಪಚುನಾವಣೆಯಲ್ಲಿ ನಿಜಲಿಂಗಪ್ಪನವರು ಅವಿರೋಧವಾಗಿ ಆಯ್ಕೆಯಾದರು. ಆಗ ಕಂಠಿಯವರು ಯಾವ ತಕರಾರನ್ನೂ ತೆಗೆಯದೆ ಅಧಿಕಾರವನ್ನು ಒಪ್ಪಿಸಿದರು. ಜೂನ 21ರಂದು ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ಕಂಠಿಯವರ ಆಳಿಕೆಯು ನೂರು ದಿನಗಳನ್ನೂ ತುಂಬಲಿಲ್ಲ. ರಾಮನ ಪಾದುಕೆಗಳನ್ನಿಟ್ಟು ರಾಜ್ಯವಾಳಿದ ಭರತನಿಗೆ ಜನರು ಅವರನ್ನು ಹೋಲಿಸಿದ್ದು ಇದೇ ಕಾರಣದಿಂದ.

ಮಹನೀಯರೆ, ಅಧಿಕಾರವನ್ನು ಒಪ್ಪಿಸಿದ್ದಕ್ಕಿಂತ ಅದರ ತರುವಾಯ ಅವರು ನಡೆದುಕೊಂಡ ರೀತಿಯು ನನಗೆ ಹೆಚ್ಚಿನದಾಗಿ ತೋರುವದು. ಮೇಲಿನ ಮೆಟ್ಟಿಲನ್ನು ಏರಿದವನಿಗೆ ಕೆಳಗಿನ ಮೆಟ್ಟಿಲಲ್ಲಿ ನಿಲ್ಲುವದು ಕಷ್ಟ. ಕಂಠಿಯವರು ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ವಿದ್ಯಾಮಂತ್ರಿಗಳಾಗಿ ಕುಳಿತರು. ಅದೇ ಮಂತ್ರಿಮಂಡಲದಲ್ಲಿ ಜತ್ತಿಯವರೂ ಇದ್ದರು. ಹೀಗೆ ಮುಖ್ಯಮಂತ್ರಿಗಳಾಗಿದ್ದ ಇಬ್ಬರು ಇನ್ನೊಬ್ಬರ ಕೈಕೆಳಗೆ ಮಂತ್ರಿಗಳಾಗಿ ಕೆಲಸಮಾಡಿದ ಉದಾಹರಣೆಯು ವಿರಳವಾದದ್ದು. ವಿಜಾಪುರದ ಸೈನಿಕ ಶಾಲೆಯು 1963ನೆಯ ಸಪ್ಟಂಬರದಲ್ಲಿ ಆರಂಭವಾದದ್ದು ಕಂಠಿಯವರು ವಿದ್ಯಾಮಂತ್ರಿಗಳಾಗಿದ್ದಾಗಲೇ. ಬೆಂಗಳೂರು ವಿಶ್ವವಿದ್ಯಾಲಯವು 1964ರಲ್ಲಿ ಸ್ಥಾಪಿತವಾಯಿತು. ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಹೆಸರಿನಿಂದ ಹೆಣ್ಣುಮಕ್ಕಳಿಗಾಗಿ ತೆರೆದ ವಸತಿಶಾಲೆಗೂ ಅವರು ದುಡಿದರು. 1967ರಲ್ಲಿ ಹುನಗುಂದದ ಜನರು ಅವರನ್ನು ಮತ್ತೆ ಆರಿಸಿದರು. 1969ನೆಯ ಡಿಸೆಂಬರದಲ್ಲಿ ಅವರು ಲಿಂಗೈಕ್ಯರಾದರು. ಗದ್ದುಗೆಯ ಮೇಲೆ ಕುಳಿತದ್ದು ಮೂರು ತಿಂಗಳು. ಗದ್ದುಗೆಯಿಂದ ಇಳಿದು ಮಾಡಿದ ಸೇವೆಯು ವರ್ಷಗಟ್ಟಳೆ.

ಇಲ್ಲಿ ಒಂದು ಆಕ್ಷೇಪವುಂಟು. ಅದನ್ನು ಮುಚ್ಚಿಡುವದು ಸತ್ಯಕ್ಕೆ ಅಪಚಾರವಾಗುವದು. ಹೊಸದುರ್ಗದ ಮತದಾರರು ಬೇಡವೆಂದವರಿಗೆ ಬಾಗಿಲುಕೋಟೆಯಲ್ಲಿ ಬಾಗಿಲನ್ನು ತೆರೆದದ್ದು ನ್ಯಾಯವೇ? ಜನರ ತೀರ್ಪನ್ನು ಪಕ್ಷದ ಏರ್ಪಾಡು ಮೀರಬಹುದೇ? ರಾಜ್ಯಾಂಗವು ಇದಕ್ಕೆ ಒಂದು ಮಿತಿಯನ್ನು ಹಾಕಿದೆ. ಶಾಸಕನಲ್ಲದವನು ಮಂತ್ರಿಯಾದರೆ ಆರು ತಿಂಗಳೊಳಗೆ ಆರಿಸಿಬರಬೇಕು; ಇಲ್ಲದಿದ್ದರೆ ಸ್ಥಾನವನ್ನು ಬಿಡಬೇಕು. ಅಂದಮೇಲೆ ನಿಜಲಿಂಗಪ್ಪನವರು ಮಾರ್ಚದಲ್ಲಿಯೇ ಮುಖ್ಯಮಂತ್ರಿಗಳಾಗಿ, ಆಮೇಲೆ ಸ್ಥಾನವನ್ನು ಹುಡುಕಬಹುದಾಗಿತ್ತು. ಹಾಗೆ ಮಾಡದೆ, ಮೊದಲು ಸಭೆಯ ಸದಸ್ಯರಾಗಿ ಆಮೇಲೆ ಅಧಿಕಾರಕ್ಕೆ ಬಂದರು. ಇದು ಮೆಚ್ಚತಕ್ಕದ್ದು. ಆದರೂ ಅವಿರೋಧವಾದ ಆಯ್ಕೆಯಲ್ಲಿ ಮತದಾರನ ಮಾತು ಕೇಳಿಬರುವದಿಲ್ಲವೆಂಬುದು ನಿಜವೇ. ತ್ಯಾಗವು ಒಬ್ಬ ನಾಯಕನ ಸಲುವಾಗಿ ನಡೆದರೆ ಅದು ಸ್ನೇಹವೆನಿಸುವದು. ಜನರ ಸಲುವಾಗಿ ನಡೆದರೆ ದಾಸೋಹವೆನಿಸುವದು. ಕಂಠಿಯವರ ತ್ಯಾಗದಲ್ಲಿ ಇವೆರಡೂ ಬೆರೆತಿದ್ದವು. ಅದನ್ನು ದಾಸೋಹದ ಕಡೆಗೆ ತಿರುಗಿಸಿದ್ದು ಅವರು ವಿದ್ಯಾಖಾತೆಯಲ್ಲಿ ಮಾಡಿದ ಕೆಲಸ ಎಂದು ನಾನು ತಿಳಿದಿದ್ದೇನೆ.

ಇನ್ನು ನಮ್ಮ ವಿಷಯ. ನಾನು ಹೆಸರಿಸಿದ ಕಂಠಿ, ಜತ್ತಿ, ನಿಜಲಿಂಗಪ್ಪ ಈ ಮೂವರೂ ನಮ್ಮ ಸಮಾಜದಲ್ಲಿ ಹುಟ್ಟಿದವರು. ಇದನ್ನು ಕೇಳಿ ನಾವು ಹಿಗ್ಗುವದು ಸಹಜ. ಆದರೆ ಹಿಗ್ಗಿಗೂ ಒಂದು ಎಲ್ಲೆಯಿದೆ. ಕುಲವನ್ನು ಕೇಳಬಾರದೆಂದು ಸಾರಿದ ಧರ್ಮದವರು ಮತಪೆಟ್ಟಿಗೆಯ ಮುಂದೆ ನಿಂತು ಕುಲವನ್ನು ಕೇಳಿದರೆ ಬಸವಣ್ಣನವರಿಗೆ ನಾವು ಯಾವ ಮುಖವನ್ನು ತೋರಿಸೋಣ? ಚುನಾವಣೆ ಬಂದಾಗ ಉಮೇದುವಾರರು ಮಠಕ್ಕೆ ಬರುವರು, ಬರಲಿ. ಪೂಜ್ಯರು ಭಸ್ಮವನ್ನು ಕೊಟ್ಟು ಎಲ್ಲರಿಗೂ ಆಶೀರ್ವಾದ ಮಾಡುವರು. ಆ ಆಶೀರ್ವಾದವನ್ನು ಮತದ ಅಪ್ಪಣೆಯೆಂದು ಭಾವಿಸಿದರೆ ತಪ್ಪು ಭಕ್ತನದು. ಗುರುವು ಅಂಗೈಗೆ ಲಿಂಗವನ್ನು ಕೊಟ್ಟದ್ದು ಭಕ್ತನು ತನ್ನ ಅರಿವನ್ನು ತಾನೇ ನೋಡಿಕೊಳ್ಳಲೆಂದು. ಮತವನ್ನೂ ಅದೇ ಅರಿವಿನಿಂದ ಕೊಡತಕ್ಕದ್ದು.

ಹಾಗಾದರೆ ಉಮೇದುವಾರನಲ್ಲಿ ನಾವು ಏನನ್ನು ನೋಡಬೇಕು? ಎಷ್ಟು ಸಲ ಗೆದ್ದನೆಂಬುದನ್ನು ಎಣಿಸುವದು ಸುಲಭ. ಸೋತಾಗ ಹೇಗೆ ನಡೆದನು, ಇಳಿದಾಗ ಏನು ಮಾಡಿದನು ಎಂಬುದನ್ನು ಅಳೆಯುವದು ಕಠಿಣ. ಆದರೂ ಈ ಎರಡನೆಯ ಅಳತೆಯೇ ನಿಜವಾದದ್ದು. ಹೊಲವನ್ನು ಪಾಲಿಗೆ ಮಾಡಿದ ರೈತನು ಹೊಲದ ಒಡೆಯನಲ್ಲ. ಆದರೂ ತನ್ನದೆಂಬಂತೆ ಹರಗಿ ಬಿತ್ತುವನು, ಸುಗ್ಗಿ ಮುಗಿದ ಮೇಲೆ ಲೆಕ್ಕವೊಪ್ಪಿಸುವನು. ಶಾಸಕನೂ ಹಾಗೆಯೇ ಇರಬೇಕು. ನೆಲದ ಒಡೆಯರಾದ ನಾವು ಲೆಕ್ಕ ಕೇಳುವದನ್ನು ಮರೆತರೆ, ಪಾಲುದಾರನು ಕ್ರಮೇಣ ತಾನೇ ಒಡೆಯನೆಂದು ಭಾವಿಸುವನು. ಅದರಲ್ಲಿ ಅವನ ತಪ್ಪು ಅರ್ಧ, ನಮ್ಮದು ಅರ್ಧ.

ಅಧಿಕಾರವನ್ನು ಕಾಯಕವೆಂದು ಹಿಡಿದು, ವೇಳೆ ಬಂದಾಗ ಜಂಗಮನ ಜೋಳಿಗೆಯಲ್ಲಿ ಹಾಕಿದ ಹಿಟ್ಟಿನಂತೆ ಅದನ್ನು ಮರಳಿ ಬೇಡದೆ ಬಿಟ್ಟುಕೊಡುವ ಪ್ರತಿನಿಧಿಗಳು ನಾಡಿಗೆ ದೊರೆಯಲಿ. ಅಂಥವರನ್ನು ಗುರುತಿಸುವ ಅರಿವು ಈ ಮಠದ ಭಕ್ತಸಮೂಹಕ್ಕೆ ಬರಲಿ ಎಂದು ಶ್ರೀಗುರುವಿನಲ್ಲಿ ಬೇಡಿಕೊಳ್ಳುವೆನು.