ಹಳೆಯ ಬರಹಗಳು ಜಾಲಭಂಡಾರಕ್ಕೆ



ಹಿರಿಯರು ಬರೆದಿಟ್ಟ ಪುಸ್ತಕಗಳೂ, ನಾವೇ ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿಟ್ಟ ಕಡತಗಳೂ ಇಂದು ಅಂತರಜಾಲದ ಭಂಡಾರಗಳನ್ನು ಸೇರುತ್ತಿವೆ. ವಿಕಿಸೋರ್ಸ್ ಅಂತಹ ಒಂದು ಭಂಡಾರ. ಕಡತವನ್ನು ಅಲ್ಲಿಗೆ ಏರಿಸುವುದು ಅಲ್ಪಕಾಲದ ಕೆಲಸ. ಆದರೆ ಏರಿಸಿದ್ದೆಲ್ಲವೂ ಉಳಿಯುವುದೇ? ಈ ಪ್ರಶ್ನೆಯನ್ನು ಕುರಿತು ನಾಲ್ಕು ಮಾತುಗಳನ್ನು ಆಡಬಯಸುತ್ತೇವೆ.

ಮೊದಲನೆಯದು ಲಿಪಿಯ ಸಂಗತಿ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರಕಿತ್ತು. ಆದರೆ ಅದು ನಮ್ಮಲ್ಲಿ ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಅಲ್ಲಿಯವರೆಗೆ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಅಪಾರ ಬರವಣಿಗೆ ನಡೆಯಿತು. ಅವುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ. ಯಂತ್ರ ನೆನಪಿಡುವುದು ರೋಮನ್ ಲಿಪಿಯ ಸಂಕೇತಗಳನ್ನು. ಅಂತಹ ಕಡತವನ್ನು ಇದ್ದಂತೆಯೇ ತಂದರೆ ಓದುಗನ ಮುಂದೆ ನಿಲ್ಲುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಆದುದರಿಂದ ಪರಿವರ್ತಕದ ಮೂಲಕ ಅದನ್ನು ಮೊದಲು ಯೂನಿಕೋಡಿಗೆ ತರಬೇಕು. ಪರಿವರ್ತಕವನ್ನೂ ಪೂರ್ಣವಾಗಿ ನಂಬುವಂತಿಲ್ಲ. ‘ಧರ್ಮ’ ಎಂಬಲ್ಲಿ ಹಳೆಯ ಫಾಂಟು ಅರ್ಕಾವೊತ್ತನ್ನು ಮಕಾರದ ನಂತರ ಇರಿಸಿದರೆ, ಯೂನಿಕೋಡು ರಕಾರವನ್ನು ಮೊದಲು ಇರಿಸುತ್ತದೆ. ಈ ಕ್ರಮ ಕೆಟ್ಟರೆ ಪದವು ಹುಡುಕಿದರೂ ಸಿಗದು. ನಡುವೆ ಬಂದ ಇಂಗ್ಲಿಷ್ ಪದಗಳೂ ಕೆಲವೊಮ್ಮೆ ಕನ್ನಡದ ವಿಚಿತ್ರ ಅಕ್ಷರಗಳಾಗಿಬಿಡುತ್ತವೆ.

ಎರಡನೆಯದು ರಚನೆ. ದಪ್ಪಕ್ಷರದಲ್ಲಿ ಬರೆದ ಸಾಲನ್ನು ನಾವು ಶೀರ್ಷಿಕೆಯೆಂದು ತಿಳಿಯುತ್ತೇವೆ; ಯಂತ್ರಕ್ಕೆ ಅದು ಬರಿಯ ದಪ್ಪ ಸಾಲು. ಶೀರ್ಷಿಕೆಯೆಂದೇ ಗುರುತಿಸಿದರೆ ಮಾತ್ರ ಪರಿವಿಡಿ ತಾನಾಗಿ ಸಿದ್ಧವಾಗುವುದು. ಅಡಿಟಿಪ್ಪಣಿಗಳನ್ನೂ ಕೋಷ್ಟಕಗಳನ್ನೂ ಮೂಲದೊಡನೆ ಒಂದೊಂದಾಗಿ ಹೋಲಿಸಿ ನೋಡಬೇಕು.

ಮೂರನೆಯದು, ಮುದ್ರಿತ ಪುಸ್ತಕಗಳ ಮಾತು. ಲೇಖಕರು ತೀರಿಕೊಂಡು 60 ವರ್ಷಗಳು ಕಳೆದ ಕೃತಿಗಳಿಗೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಹಕ್ಕುಸ್ವಾಮ್ಯದ ಅಡ್ಡಿಯಿಲ್ಲ. ಪುಟಗಳ ಚಿತ್ರ ತೆಗೆದು, ಯಂತ್ರದಿಂದಲೇ ಅಕ್ಷರಗಳನ್ನು ಓದಿಸಬಹುದು. ಆದರೆ ಮಹಾಪ್ರಾಣದ ಸಣ್ಣ ಸೀಳು ಅದರ ಕಣ್ಣಿಗೆ ತಪ್ಪಿದರೆ ‘ಧನ’ವು ‘ದನ’ವಾಗುತ್ತದೆ! ಇದಕ್ಕೆಂದೇ ವಿಕಿಸೋರ್ಸ್ ಪುಟದ ಚಿತ್ರವನ್ನೂ ಪಠ್ಯವನ್ನೂ ಅಕ್ಕಪಕ್ಕದಲ್ಲಿ ಇರಿಸುತ್ತದೆ. ತಿದ್ದದ ಪುಟಕ್ಕೆ ಕೆಂಪು ಗುರುತು; ಒಬ್ಬರು ತಿದ್ದಿದ ಮೇಲೆ ಹಳದಿ; ಮತ್ತೊಬ್ಬರು ಪರಿಶೀಲಿಸಿದರೆ ಹಸಿರು. ತಿದ್ದಿದವರೇ ಹಸಿರು ಗುರುತು ನೀಡುವಂತಿಲ್ಲ. ಎರಡನೆಯ ಕಣ್ಣಿಗೆ ಸಲ್ಲುವ ಈ ಮನ್ನಣೆ ಎಲ್ಲ ಭಂಡಾರಗಳಿಗೂ ಮಾದರಿಯಾದುದು.

ಕೊನೆಯದಾಗಿ, ಭಂಡಾರಕ್ಕೆ ಸೇರಿತೆಂದು ಮೂಲ ಕಡತವನ್ನು ಅಳಿಸಬಾರದು, ಹಳೆಯ ಪುಸ್ತಕವನ್ನು ರದ್ದಿಗೆ ಹಾಕಬಾರದು. ನಾಳೆ ಸಂದೇಹ ಬಂದಾಗ ಸಾಕ್ಷಿ ನುಡಿಯುವುದು ಮೂಲವೇ. ಯಂತ್ರವು ಹೊತ್ತು ತರುತ್ತದೆ. ಸರಿಯಾಗಿ ಬಂದಿತೇ ಎಂದು ನೋಡುವ ಹೊಣೆ ನಮ್ಮದು. ಕನ್ನಡ ಓದಬಲ್ಲ ಪ್ರತಿಯೊಬ್ಬರೂ ದಿನಕ್ಕೊಂದು ಪುಟವನ್ನಾದರೂ ತಿದ್ದಲೆಂದು ಹಾರೈಸಿ, ನಮ್ಮ ಮಾತುಗಳನ್ನು ಮುಗಿಸುತ್ತೇವೆ.